ಇಶಿಯ ಬಿಲ್ಲು: ಮರದ ಬೇಟೆಬಿಲ್ಲಿನ ಚರಿತ್ರೆಗೊಂದು ಆಕರ

ಬೇಟೆಯ ಚರಿತ್ರೆ ಬರೆಯಹೊರಟವರಿಗೆ ಬಾಣದ ಮೊನೆಗಳು ಬೇಕಾದಷ್ಟು ಸಿಗುತ್ತವೆ, ಬಿಲ್ಲು ಸಿಗುವುದು ಅಪರೂಪ. ಕಲ್ಲಿನ ಮೊನೆ ಮಣ್ಣಿನಲ್ಲಿ ಸಾವಿರಾರು ವರ್ಷ ಉಳಿಯುತ್ತದೆ. ಮರ, ನರ, ಅಂಟು, ತೊಗಲು ಕೆಲವೇ ಮಳೆಗಾಲಗಳಲ್ಲಿ ಮಣ್ಣಾಗುತ್ತವೆ. ಗಾಳಿಯಾಡದ ಜೌಗೋ ಕರಗದ ಹಿಮವೋ ಕಾಪಾಡಿದರೆ ಉಳಿಯುವುದುಂಟು. ಡೆನ್ಮಾರ್ಕಿನ ಹೋಲ್ಮೆಗೋರ್ ಜೌಗಿನಲ್ಲಿ 1944ರಲ್ಲಿ ಸಿಕ್ಕ ಎಲ್ಮ್ ಮರದ ಬಿಲ್ಲುಗಳು ಹಾಗೆ ಉಳಿದವು. ಅವುಗಳ ವಯಸ್ಸು ಸುಮಾರು 9000 ವರ್ಷ. 1991ರಲ್ಲಿ ಆಲ್ಪ್ಸ್‌ನ ಹಿಮದಿಂದ ಹೊರಬಂದ ‘ಓಟ್ಸಿ’ ಎಂಬ ಮನುಷ್ಯನ ಬಳಿ 1.82 ಮೀಟರ್ ಉದ್ದದ ಯೂ ಮರದ ಬಿಲ್ಲೊಂದಿತ್ತು. ಐದು ಸಾವಿರ ವರ್ಷಕ್ಕೂ ಹಿಂದಿನ ಆ ಬಿಲ್ಲಿನ ಕೆಲಸ ಮುಗಿದಿರಲಿಲ್ಲ. ಮೈಮೇಲೆ ಕೊಡಲಿಯ ಗುರುತುಗಳು ಹಾಗೇ ಇದ್ದವು, ಹೆದೆ ಕಟ್ಟುವ ಕೊಪ್ಪನ್ನು ಇನ್ನೂ ಕೊರೆದಿರಲಿಲ್ಲ. ನನ್ನ ದೃಷ್ಟಿಯಲ್ಲಿ ಪೂರ್ಣಗೊಂಡ ಹತ್ತು ಬಿಲ್ಲುಗಳಿಗಿಂತ ಈ ಅರೆಬರೆ ಬಿಲ್ಲು ಹೆಚ್ಚು ಬೆಲೆಯದು. ಕೆಲಸ ಯಾವ ಹಂತದಲ್ಲಿ ನಿಂತಿತ್ತೆಂಬುದು ಅದರಿಂದಲೇ ತಿಳಿಯುತ್ತದೆ.

ಗ್ರಂಥಗಳು ಈ ವಿಷಯದಲ್ಲಿ ನೆರವಾಗುವುದು ಕಡಿಮೆ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರ, ಆಯುಧಾಗಾರದ ಅಧ್ಯಕ್ಷನ ಕರ್ತವ್ಯಗಳನ್ನು ಹೇಳುವಾಗ ತಾಳೆ, ಬಿದಿರು, ಮರ, ಕೊಂಬು ಎಂದು ಬಿಲ್ಲಿನ ಸಾಮಗ್ರಿಯನ್ನು ವಿಂಗಡಿಸುತ್ತದೆ. ಹೆದೆಗೆ ಎಕ್ಕ, ಸೆಣಬು, ಬಿದಿರು, ಪ್ರಾಣಿಗಳ ಸ್ನಾಯು ಮುಂತಾದವನ್ನು ಹೆಸರಿಸುತ್ತದೆ. ಉಗ್ರಾಣದ ಲೆಕ್ಕಕ್ಕೆ ಇಷ್ಟು ಸಾಕು. ಆದರೆ ಯಾವ ಮರವನ್ನು ಯಾವ ಕಾಲದಲ್ಲಿ ಕಡಿಯಬೇಕು, ಎಷ್ಟು ದಿನ ಒಣಗಿಸಬೇಕು, ಎಲ್ಲಿ ತೆಳುವಾಗಿಸಬೇಕು ಎಂಬುದನ್ನು ಆ ಪಟ್ಟಿ ಹೇಳುವುದಿಲ್ಲ. ನಮ್ಮ ವೀರಗಲ್ಲುಗಳ ಬಿಲ್ಲುಗಾರರಿಂದಲೂ ಸಿಗುವುದು ಆಕಾರ ಮಾತ್ರ. ಮಾಡುವ ಬಗೆ ಮಾಡುವವರ ಕೈಯಲ್ಲೇ ಇತ್ತು. ಹಾಗೆ ಒಬ್ಬನ ಕೈ ಕೆಲಸ ಮಾಡುತ್ತಿರುವಾಗಲೇ ಅಳತೆ ಸಮೇತ ಬರಹಕ್ಕಿಳಿದ ನಿದರ್ಶನಗಳು ಕೆಲವೇ. ಅವುಗಳಲ್ಲಿ ಕ್ಯಾಲಿಫೋರ್ನಿಯಾದ ಯಾಹಿ ಬುಡಕಟ್ಟಿನ ಇಶಿಯ ಬಿಲ್ಲು ಮುಖ್ಯವಾದದ್ದು.

1911ರ ಆಗಸ್ಟ್ ಕೊನೆಯಲ್ಲಿ ಓರೊವಿಲ್ ಪಟ್ಟಣದ ಕಸಾಯಿಖಾನೆಯೊಂದರ ದೊಡ್ಡಿಯ ಬಳಿ ಹಸಿದು ಬಳಲಿದ ಮಧ್ಯವಯಸ್ಕನೊಬ್ಬ ಜನರ ಕಣ್ಣಿಗೆ ಬಿದ್ದ. ಚಿನ್ನದ ಬೆನ್ನು ಹತ್ತಿ ಬಂದ ಬಿಳಿಯರು 19ನೆಯ ಶತಮಾನದ ನಡುವೆ ಯಾಹಿಗಳನ್ನು ಬೇಟೆಯಾಡಿ ಕೊಂದಿದ್ದರು. ಅಳಿದುಳಿದ ಬೆರಳೆಣಿಕೆಯಷ್ಟು ಮಂದಿ ದಶಕಗಳ ಕಾಲ ಕಣಿವೆಗಳಲ್ಲಿ ಅಡಗಿ ಬದುಕಿದ್ದರು. ಈತ ಅವರಲ್ಲಿ ಕೊನೆಯವನು. ತನ್ನ ನಿಜವಾದ ಹೆಸರನ್ನು ಅವನು ಹೇಳಲಿಲ್ಲ. ‘ಇಶಿ’ ಮಾನವಶಾಸ್ತ್ರಜ್ಞ ಆಲ್ಫ್ರೆಡ್ ಕ್ರೋಬರ್ ಇಟ್ಟ ಹೆಸರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿದ್ದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲೇ ಅವನ ಉಳಿದ ಬದುಕು ಕಳೆಯಿತು. ಪಕ್ಕದ ವೈದ್ಯಕೀಯ ಶಾಲೆಯ ಶಸ್ತ್ರವೈದ್ಯ ಸ್ಯಾಕ್ಸ್‌ಟನ್ ಪೋಪ್ ಅವನಿಗೆ ವೈದ್ಯನಾದ, ಗೆಳೆಯನಾದ, ಬಿಲ್ಲುವಿದ್ಯೆಯಲ್ಲಿ ಶಿಷ್ಯನೂ ಆದ. 1916ರ ಮಾರ್ಚ್‌ನಲ್ಲಿ ಇಶಿ ಕ್ಷಯದಿಂದ ತೀರಿಕೊಂಡ. ಎರಡು ವರ್ಷಗಳ ನಂತರ, 1918ರಲ್ಲಿ, ಪೋಪ್‌ನ ‘ಯಾಹಿ ಆರ್ಚರಿ’ ಪ್ರಬಂಧ ಅಚ್ಚಾಯಿತು.

ಪೋಪ್ ಕೊಡುವ ವಿವರಗಳನ್ನು ನಿಧಾನವಾಗಿ ನೋಡಬೇಕು. ಇಶಿಗೆ ಮೆಚ್ಚಿನ ಮರ ಬೆಟ್ಟದ ಜುನಿಪರ್. ಬಿಲ್ಲಿನ ಉದ್ದವನ್ನು ಅವನು ತನ್ನ ಮೈಯಿಂದಲೇ ಅಳೆದುಕೊಳ್ಳುತ್ತಿದ್ದ: ಪಕ್ಕಕ್ಕೆ ನೇರ ಚಾಚಿದ ಕೈಯಿಂದ ಎದುರು ಬದಿಯ ಸೊಂಟದವರೆಗೆ, ಸುಮಾರು 42 ಅಂಗುಲ. ಕೊಂಬೆಯನ್ನು ಸೀಳಿ, ತೊಗಟೆಗೆ ಹತ್ತಿದ ಬಿಳಿ ಮರವನ್ನೂ ಸೇರಿಸಿ ಹೊರಪದರವನ್ನು ಮಾತ್ರ ಬಳಸುತ್ತಿದ್ದ. ಹೆರೆದು, ಮರಳುಗಲ್ಲಿನ ಮೇಲೆ ಉಜ್ಜಿ ರೂಪ ಕೊಡುತ್ತಿದ್ದ. ಎರಡೂ ಬಾಹುಗಳ ನಡುಭಾಗದಲ್ಲಿ ಅಗಲ ಸುಮಾರು 2 ಅಂಗುಲ, ದಪ್ಪ ಅರ್ಧ ಅಂಗುಲ. ಹಿಡಿಯ ಬಳಿ ಅಗಲ ಕಡಿಮೆ, ದಪ್ಪ ಹೆಚ್ಚು. ತುದಿಗಳನ್ನು ಕಾದ ಕಲ್ಲಿನ ಮೇಲೆ ಹಿಂದಕ್ಕೆ ಬಾಗಿಸಿ, ಬೇರೊಂದು ಮರಕ್ಕೆ ಬಿಗಿದು, ಕತ್ತಲೆಯ ಒಣ ಜಾಗದಲ್ಲಿ ಇಡುತ್ತಿದ್ದ. ಅಲ್ಲಿ ಅದು ಕೆಲವು ತಿಂಗಳಿಂದ ಕೆಲವು ವರ್ಷಗಳವರೆಗೂ ಒಣಗುತ್ತಿತ್ತು.

ಅನಂತರ ಬೆನ್ನಿಗೆ ನರ ಹಚ್ಚುವ ಕೆಲಸ. ಬಿಲ್ಲು ಬಗ್ಗಿದಾಗ ಬೇಟೆಗಾರನಿಂದ ಆಚೆಗಿರುವ ಮೈ, ಅಂದರೆ ಬೆನ್ನು, ಹಿಗ್ಗುತ್ತದೆ. ಅವನ ಕಡೆಗಿರುವ ಹೊಟ್ಟೆ ಕುಗ್ಗುತ್ತದೆ. ಜುನಿಪರ್ ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಸೆಳೆತಕ್ಕೆ ಬೇಗ ಸೀಳುತ್ತದೆ. ಗಿಡ್ಡ ಬಿಲ್ಲನ್ನು ಉದ್ದಕ್ಕೆ ಎಳೆದಷ್ಟೂ ಆ ಅಪಾಯ ಹೆಚ್ಚು. ಜಿಂಕೆಯ ಕಾಲಿನ ನರ ಸೆಳೆತಕ್ಕೆ ಹಿಗ್ಗಿ ಮತ್ತೆ ಮೊದಲಿನಂತಾಗುತ್ತದೆ. ಮರದ ಕೊರತೆಯನ್ನು ನರ ತುಂಬಿಕೊಡುತ್ತದೆ. ಇಶಿ ಸಾಲ್ಮನ್ ಮೀನಿನ ತೊಗಲನ್ನು ಕುದಿಸಿ ಅಂಟು ಮಾಡಿ, ತರಿಯಾಗಿಸಿದ ಬೆನ್ನಿಗೆ ಬಳಿಯುತ್ತಿದ್ದ. ನರವನ್ನು ಬಾಯಲ್ಲಿ ಅಗಿದು ಎಳೆ ಎಳೆಯಾಗಿ ಬಿಡಿಸಿ, ಒಂದರ ತುದಿ ಇನ್ನೊಂದರ ಮೇಲೆ ಬರುವಂತೆ ದಪ್ಪಗೆ ಹಾಸುತ್ತಿದ್ದ. ವಿಲ್ಲೋ ಮರದ ತೊಗಟೆಯ ಪಟ್ಟಿಯಿಂದ ಬಿಗಿಯಾಗಿ ಸುತ್ತಿ, ಹಲವು ದಿನಗಳ ಮೇಲೆ ಬಿಚ್ಚಿ, ಮತ್ತೆ ಅಂಟು ಸವರಿ ಮರಳುಗಲ್ಲಿನಿಂದ ನಯಗೊಳಿಸುತ್ತಿದ್ದ. ಹೆದೆಯೂ ಜಿಂಕೆಯ ನರದ್ದೇ. ಮುಗಿದ ಬಿಲ್ಲನ್ನು ನಿಲ್ಲಿಸಿಡಬಾರದು, ಮಲಗಿಸಬೇಕು ಎಂಬುದು ಅವನ ನಿಯಮ. ನಿಂತ ಬಿಲ್ಲು ದುಡಿಯುತ್ತಲೇ ಇರುತ್ತದೆ, ಬೆವತು ಸೋಲುತ್ತದೆ ಎಂದು ಅವನು ನಂಬಿದ್ದ.

ಈ ಬರಹವನ್ನು ‘ಶುದ್ಧ’ ಪ್ರಾಚೀನ ಪದ್ಧತಿಯ ದಾಖಲೆಯೆಂದು ಓದಿದರೆ ತಪ್ಪಾಗುತ್ತದೆ. ವಸ್ತುಸಂಗ್ರಹಾಲಯಕ್ಕೆ ಬಂದ ಮೇಲೆ ಇಶಿ ಬಿಲ್ಲಿಗೆ ಶೆಲ್ಲಾಕ್ ಹಚ್ಚತೊಡಗಿದ. ಅದಕ್ಕೂ ಮೊದಲೇ ಯಾಹಿಗಳು ಬಿಳಿಯರು ಎಸೆದ ಸೀಸೆಯ ಗಾಜಿನಿಂದ ಬಾಣದ ಮೊನೆ ಕೆತ್ತುತ್ತಿದ್ದರು. ಇಶಿ ಕೆತ್ತಿದ ಮೊನೆಗಳು ಯಾಹಿ ನೆಲೆಗಳಲ್ಲಿ ಸಿಕ್ಕವಕ್ಕಿಂತ ನೆರೆಯ ವಿಂಟು–ನೊಮ್ಲಾಕಿ ಜನರ ಮೊನೆಗಳನ್ನೇ ಹೆಚ್ಚು ಹೋಲುತ್ತವೆ ಎಂದು ಪುರಾತತ್ತ್ವಜ್ಞ ಸ್ಟೀವನ್ ಶ್ಯಾಕ್ಲಿ 1990ರ ದಶಕದಲ್ಲಿ ವಾದಿಸಿದರು. ಹೀಗಾಗಿ ‘ಯಾಹಿ ಬಿಲ್ಲು’ ಎಂದು ನಾವು ಕರೆಯುವುದು ಒಬ್ಬ ನುರಿತ ಕೆಲಸಗಾರ ತನಗೆ ದಕ್ಕಿದ ಸಾಮಗ್ರಿಯಲ್ಲಿ ಮಾಡಿದ ಬಿಲ್ಲು. ಅದರಿಂದ ಆಕರದ ಬೆಲೆ ತಗ್ಗುವುದಿಲ್ಲ. ಕೈಕಸುಬು ಯಾವ ಕಾಲದಲ್ಲೂ ಸಿಕ್ಕದ್ದನ್ನು ಬಳಸಿಕೊಂಡೇ ಬಂದಿದೆ.

ಇನ್ನೊಂದು ಬಗೆಯ ಸಾಕ್ಷ್ಯ ನಿಂತಿರುವ ಮರಗಳಲ್ಲಿದೆ. ಪುರಾತತ್ತ್ವಜ್ಞ ಫಿಲಿಪ್ ವಿಲ್ಕಿ 1988ರಲ್ಲಿ ನೆವಾಡಾದ ಜುನಿಪರ್ ಮರಗಳ ಮೇಲಿನ ಉದ್ದನೆಯ ಗಾಯಗಳ ಅಧ್ಯಯನ ಪ್ರಕಟಿಸಿದರು. ಅಲ್ಲಿನ ಮೂಲನಿವಾಸಿಗಳು ನೇರವಾಗಿ ಬೆಳೆದ, ಗಂಟಿಲ್ಲದ ಕಾಂಡವನ್ನು ಆರಿಸಿ, ಬಿಲ್ಲಿನಷ್ಟು ಅಂತರದಲ್ಲಿ ಮೇಲೊಂದು ಕೆಳಗೊಂದು ಕಚ್ಚು ಹಾಕುತ್ತಿದ್ದರು. ನಡುವಿನ ಪಟ್ಟಿಗೆ ರಸ ಹರಿಯುವುದು ನಿಂತು ಅದು ಮರದ ಮೇಲೆಯೇ ಒಣಗುತ್ತಿತ್ತು. ಚೆನ್ನಾಗಿ ಒಣಗಿದ ಮೇಲೆ ಅದನ್ನು ಸೀಳಿ ತೆಗೆಯುತ್ತಿದ್ದರು. ಮರ ಸಾಯುತ್ತಿರಲಿಲ್ಲ, ಗಾಯದ ಮೇಲೆ ಬೆಳೆದ ಹೊಸ ಮರವೂ ನೇರ ಎಳೆಯದಾಗಿರುತ್ತಿದ್ದುದರಿಂದ ಅದೇ ಜಾಗದಿಂದ ಮತ್ತೆ ಪಟ್ಟಿ ತೆಗೆದ ಗುರುತುಗಳಿವೆ. ಎರಡು ಕೊಯ್ಲಿನ ನಡುವೆ ಮನುಷ್ಯನ ಆಯುಷ್ಯವೇ ಕಳೆದುಹೋಗಬಹುದು. ಇದು ಯಾಹಿಗಳ ಮರವಲ್ಲ, ಬೇರೆ ಜನರದು. ಆದರೂ ಪೋಪ್ ಕೆಲವೇ ವಾಕ್ಯಗಳಲ್ಲಿ ಮುಗಿಸಿದ ಸೀಳುವ, ಒಣಗಿಸುವ ಕೆಲಸ ಎಷ್ಟು ದೀರ್ಘವಾಗಿರಬಲ್ಲುದೆಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಈ ಹಿನ್ನೆಲೆಯಲ್ಲಿ 1908ರ ಘಟನೆಯೊಂದನ್ನು ಮತ್ತೆ ನೋಡಬೇಕು. ಆ ವರ್ಷ ಡೀರ್ ಕ್ರೀಕ್ ಕಣಿವೆಗೆ ಬಂದ ಭೂಮಾಪಕರ ತಂಡ ಯಾಹಿಗಳ ಅಡಗುತಾಣವನ್ನು ಕಂಡು, ಬಿಲ್ಲು ಬಾಣ, ಉಪಕರಣ, ಹೊದಿಕೆಗಳನ್ನು ಕುತೂಹಲದ ವಸ್ತುಗಳೆಂದು ಹೊತ್ತೊಯ್ದಿತು. ಇಶಿಯ ಮುದಿ ತಾಯಿ ಆಗ ಅಲ್ಲೇ ಮಲಗಿದ್ದಳು. ಆಕೆ ಹೆಚ್ಚು ದಿನ ಬದುಕಲಿಲ್ಲ. ಬಿಲ್ಲನ್ನು ಆಯುಧವೆಂದಷ್ಟೇ ಎಣಿಸುವ ಚರಿತ್ರೆಕಾರರಿಗೆ ಇದೊಂದು ಸಣ್ಣ ಕಳವು. ನನ್ನ ಓದಿನಲ್ಲಿ ಆ ದಿನ ಹೋದದ್ದು ಒಣಗಿಸಿಟ್ಟ ವರ್ಷಗಳು. ಅಡಗಿ ಬದುಕುವವರಿಗೆ ಮತ್ತೊಂದು ಮರ ಹುಡುಕಲು, ಮತ್ತೊಮ್ಮೆ ಕಾಯಲು ಅವಕಾಶವಿರಲಿಲ್ಲ. ಹೀಗೆ ನೋಡಿದಾಗ ಬಿಲ್ಲಿನ ಚರಿತ್ರೆ ಯುದ್ಧ, ಬೇಟೆಗಳ ಅಧ್ಯಾಯದಲ್ಲಿ ಮಾತ್ರವಲ್ಲ, ಕಾಡಿನ ಚರಿತ್ರೆಯಲ್ಲೂ ಸೇರಬೇಕಾದದ್ದು. ಕಾಡು ಕೈತಪ್ಪಿದ ಕಡೆ ಬಿಲ್ಲು ಮಾಡುವ ಅರಿವೂ ಕೈತಪ್ಪುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮಲ್ಲಿ ಬೇಟೆ ಅಪರಾಧ, ಅದು ಹಾಗೇ ಇರಲಿ. ಆದರೆ ಬೇಟೆಬಿಲ್ಲು ಕೆತ್ತಬಲ್ಲ ಹಿರಿಯರು ಕಾಡಂಚಿನ ಹಾಡಿಗಳಲ್ಲಿ ಇನ್ನೂ ಇದ್ದರೆ, ಜಾನಪದ ಮತ್ತು ಮಾನವಶಾಸ್ತ್ರದ ಸಂಶೋಧಕರು ಅವರ ಒಪ್ಪಿಗೆ ಪಡೆದು, ಅವರ ಪಕ್ಕದಲ್ಲಿ ಕುಳಿತು ಬರೆದುಕೊಳ್ಳಬೇಕು. ಫೋಟೊ ಒಂದೇ ಸಾಲದು. ಮರದ ಹೆಸರು, ಕಡಿಯುವ ತಿಂಗಳು, ಒಣಗಿಸುವ ಅವಧಿ, ಮೈಯಿಂದ ತೆಗೆಯುವ ಅಳತೆ, ಹೆದೆಯ ನಾರು, ಪಾಲಿಸುವ ನಿಷೇಧ ಇಷ್ಟನ್ನೂ ಅವರ ಮಾತಿನಲ್ಲೇ, ಅವರ ಹೆಸರಿನಲ್ಲೇ ದಾಖಲಿಸಬೇಕು.