ಕನಿಷ್ಠ ಏನೇನು ಬರೆದಿಡಬೇಕು: ಬೆಳೆ ಪ್ರಯೋಗಗಳ ದತ್ತಾಂಶ ಮಾನಕ ಬೆಳೆದುಬಂದ ಬಗೆ

1983ರ ಮಾರ್ಚ್ 21ರಿಂದ 26ರವರೆಗೆ ಹೈದರಾಬಾದ್ ಹತ್ತಿರದ ಪಟಂಚೆರುವಿನಲ್ಲಿ, ಇಕ್ರಿಸ್ಯಾಟ್ ಸಂಸ್ಥೆಯ ಆವರಣದಲ್ಲಿ ಒಂದು ಅಂತರರಾಷ್ಟ್ರೀಯ ವಿಚಾರಗೋಷ್ಠಿ ನಡೆಯಿತು. ಮಣ್ಣು, ಹವಾಮಾನ, ಬೇಸಾಯಶಾಸ್ತ್ರ ಹೀಗೆ ಬೇರೆ ಬೇರೆ ಕ್ಷೇತ್ರದವರು ಅಲ್ಲಿ ಸೇರಿ ಚರ್ಚಿಸಿದ್ದು ಮುಖ್ಯವಾಗಿ ಒಂದೇ ಪ್ರಶ್ನೆಯನ್ನು. ಒಂದು ಊರಿನ ತಾಕಿನಲ್ಲಿ ನಡೆದ ಬೆಳೆ ಪ್ರಯೋಗ ಇನ್ನೊಂದು ದೇಶದವರಿಗೂ ಉಪಯೋಗಕ್ಕೆ ಬರಬೇಕಾದರೆ ಅದರ ಬಗ್ಗೆ ಕನಿಷ್ಠ ಏನೇನು ಬರೆದಿಟ್ಟಿರಬೇಕು? ಕೃಷಿ ದತ್ತಾಂಶ ಮಾನಕಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಒಂದರ ಬೇರು ಈ ಪ್ರಶ್ನೆಯಲ್ಲಿದೆ. ಆ ಮಾನಕವನ್ನು ಕಟ್ಟಿದವರು ಯಾರು, ಹಣ ನಿಂತ ಮೇಲೂ ಅದು ಉಳಿದದ್ದು ಹೇಗೆ, ನಮ್ಮ ಮಳೆಯಾಶ್ರಿತ ಹೊಲಗಳಿಗೆ ಅದರಲ್ಲಿ ಎಷ್ಟು ಜಾಗವಿದೆ ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ. ಬರೆದಿಟ್ಟವರಿಗೆ ಅದರಿಂದ ತಮ್ಮದೇ ಕೆಲಸಕ್ಕೆ ಏನಾದರೂ ಮರಳಿ ಸಿಕ್ಕಾಗ ಮಾತ್ರ ಇಂಥ ಮಾನಕ ಬಾಳುತ್ತದೆ ಎಂಬುದು ಇಲ್ಲಿನ ವಾದ.

ಮಣ್ಣಿನ ಹೆಸರಿನಿಂದ ಶುರುವಾದದ್ದು

ಇದಕ್ಕೂ ಮೊದಲು, 1970ರ ದಶಕದ ಮಧ್ಯದಲ್ಲಿ, ಹವಾಯಿ ಮತ್ತು ಪೋರ್ಟೊ ರಿಕೊ ವಿಶ್ವವಿದ್ಯಾಲಯಗಳು ಅಮೆರಿಕದ ನೆರವು ಸಂಸ್ಥೆ ಯುಎಸ್ಏಡ್‌ನ ಹಣದಿಂದ ಬೆಂಚ್‌ಮಾರ್ಕ್ ಸಾಯಿಲ್ಸ್ ಪ್ರಾಜೆಕ್ಟ್ ಎಂಬ ಯೋಜನೆಯನ್ನು ನಡೆಸುತ್ತಿದ್ದವು. ಅದರ ಹಿಂದಿದ್ದ ಊಹೆ ಸರಳ. ಮಣ್ಣಿನ ವರ್ಗೀಕರಣದಲ್ಲಿ ಒಂದೇ ಕುಟುಂಬಕ್ಕೆ ಸೇರಿದ ನೆಲ ಎಲ್ಲೇ ಇರಲಿ, ಗೊಬ್ಬರಕ್ಕೂ ಬೇಸಾಯ ಕ್ರಮಕ್ಕೂ ಹೆಚ್ಚುಕಡಿಮೆ ಒಂದೇ ರೀತಿ ಸ್ಪಂದಿಸುತ್ತದೆ; ಹಾಗಾಗಿ ಒಂದು ಕಡೆ ಕಂಡುಕೊಂಡದ್ದನ್ನು ಇನ್ನೊಂದು ಕಡೆಗೆ ಒಯ್ಯಬಹುದು. ಹಲವು ದೇಶಗಳಲ್ಲಿ ಮುಸುಕಿನ ಜೋಳದ ಪ್ರಯೋಗಗಳನ್ನು ಮಾಡಿ ಇದನ್ನು ಪರೀಕ್ಷಿಸಿದರು. ಊಹೆಯಲ್ಲಿ ಹುರುಳಿತ್ತು. ಆದರೆ ಮಣ್ಣು ಒಂದೇ ಆದರೂ ಆ ವರ್ಷದ ಮಳೆ ಬಿಸಿಲು ಬೇರೆ, ತಳಿ ಬೇರೆ, ಬಿತ್ತಿದ ದಿನ ಬೇರೆ. ಪ್ರತಿ ಊರಿನಲ್ಲೂ ಹತ್ತಾರು ವರ್ಷ ಪ್ರಯೋಗ ಮಾಡಿ ಉತ್ತರ ಹುಡುಕುತ್ತಾ ಹೋದರೆ ಬಡ ದೇಶಗಳ ರೈತರಿಗೆ ಅದು ಎಂದಿಗೆ ತಲುಪೀತು? ಹವಾಯಿಯ ಮಣ್ಣು ವಿಜ್ಞಾನಿ ಗೊರೊ ಉಯೆಹಾರ ಮತ್ತು ಅವರ ತಂಡ ಇದಕ್ಕೆ ಕಂಡುಕೊಂಡ ದಾರಿ ಬೆಳೆ ಮಾದರಿ. ದಿನದಿನದ ಹವೆಯನ್ನೂ ಮಣ್ಣಿನ ಗುಣವನ್ನೂ ಕೊಟ್ಟರೆ ಗಿಡದ ಬೆಳವಣಿಗೆಯನ್ನು ಲೆಕ್ಕ ಹಾಕಿ ತೋರಿಸುವ ಗಣಕ ಕಾರ್ಯಕ್ರಮ ಅದು. 1982ರಲ್ಲಿ ಇದೇ ಉದ್ದೇಶಕ್ಕೆ ಇಬ್ಸ್‌ನ್ಯಾಟ್ ಎಂಬ ಜಾಲ ಹುಟ್ಟಿತು. ಪಟಂಚೆರುವಿನ ಗೋಷ್ಠಿ ನಡೆದದ್ದು ಅದರ ಮಾರನೆಯ ವರ್ಷ.

ಗೋಷ್ಠಿಯಲ್ಲಿ ಆಸ್ಟ್ರೇಲಿಯದ ಹೆನ್ರಿ ನಿಕ್ಸ್ ಮಂಡಿಸಿದ ವಿಚಾರಕ್ಕೆ ವಿಶೇಷ ತೂಕವಿದೆ. ಪ್ರಯೋಗ ಮಾಡುವವರು ತಮಗೆ ತೋಚಿದ್ದನ್ನು ಅಳೆಯುತ್ತಾರೆ. ಒಬ್ಬರು ಎಲೆಯ ಸಾರಜನಕ ಅಳೆದು ಮಳೆಯನ್ನು ಬಿಡುತ್ತಾರೆ, ಇನ್ನೊಬ್ಬರು ಮಳೆ ಬರೆದು ಬಿತ್ತನೆಯ ದಿನವನ್ನೇ ಮರೆಯುತ್ತಾರೆ. ಹಾಗಾಗಿ ಎಲ್ಲರೂ ತಪ್ಪದೆ ದಾಖಲಿಸಬೇಕಾದ ಒಂದು ‘ಕನಿಷ್ಠ ದತ್ತಾಂಶ ಪಟ್ಟಿ’ ಬೇಕು ಎಂಬುದು ಆ ವಿಚಾರದ ಸಾರ. ಇಬ್ಸ್‌ನ್ಯಾಟ್ ರೂಪಿಸಿದ ಪಟ್ಟಿಯನ್ನು ಇಂದು ಓದಿದರೆ ಅದರ ಸಂಯಮ ಎದ್ದು ಕಾಣುತ್ತದೆ. ಹವಾಮಾನಕ್ಕೆ ನಾಲ್ಕೇ ಅಂಶ, ಪ್ರತಿದಿನಕ್ಕೂ: ಸೂರ್ಯ ವಿಕಿರಣ, ಗರಿಷ್ಠ ಉಷ್ಣಾಂಶ, ಕನಿಷ್ಠ ಉಷ್ಣಾಂಶ, ಮಳೆ. ಮಣ್ಣಿಗೆ ಪದರ ಪದರವಾಗಿ ಕಣಗಳ ಪ್ರಮಾಣ, ಸಾಂದ್ರತೆ, ಸಾವಯವ ಇಂಗಾಲ, ನೀರು ಹಿಡಿದಿಡುವ ಮೇಲಿನ ಮತ್ತು ಕೆಳಗಿನ ಮಿತಿ. ಬೇಸಾಯಕ್ಕೆ ತಳಿ, ಬಿತ್ತನೆಯ ದಿನ, ಆಳ, ಸಾಲಿನ ಅಂತರ, ಗಿಡಗಳ ಸಂಖ್ಯೆ, ನೀರು, ಗೊಬ್ಬರ. ಬೆಳೆಯಿಂದ ಹೂ ಬಿಟ್ಟ ದಿನ, ಬಲಿತ ದಿನ, ಇಳುವರಿ. ಸಮಿತಿಯಲ್ಲಿ ಕೂತವರೆಲ್ಲ ತಮ್ಮ ತಮ್ಮ ಶಾಸ್ತ್ರದ ಅಂಶವೊಂದನ್ನು ಸೇರಿಸುತ್ತಾ ಹೋದರೆ ಪಟ್ಟಿ ಉದ್ದವಾಗುತ್ತದೆ, ತುಂಬುವವರು ಇಲ್ಲವಾಗುತ್ತಾರೆ. ಏನನ್ನು ಬಿಡಬೇಕು ಎಂದು ಇವರು ಧೈರ್ಯವಾಗಿ ತೀರ್ಮಾನಿಸಿದ್ದೇ ಈ ಯೋಜನೆಯ ದೊಡ್ಡ ಸಾಧನೆ ಎಂದು ನನಗೆ ಅನ್ನಿಸುತ್ತದೆ.

ನಾಲ್ಕರಲ್ಲಿ ಒಂದಂತೂ ಬಹುಪಾಲು ಕೇಂದ್ರಗಳಿಗೆ ಕಷ್ಟದ್ದಾಗಿತ್ತು. ವಿಕಿರಣವನ್ನು ನೇರವಾಗಿ ಅಳೆಯುವ ಉಪಕರಣ ಎಲ್ಲೆಡೆ ಇರಲಿಲ್ಲ. ಇದ್ದದ್ದು ಗಾಜಿನ ಗೋಳದ ಬಿಸಿಲುಮಾಪಕ: ಬಿಸಿಲು ಗೋಳದ ಮೂಲಕ ಹಾಯ್ದು ಹಿಂದಿನ ಕಾಗದದ ಪಟ್ಟಿಯನ್ನು ಗೆರೆಯಾಗಿ ಸುಡುತ್ತದೆ. ಸುಟ್ಟ ಗೆರೆಯ ಉದ್ದದಿಂದ ದಿನಕ್ಕೆ ಎಷ್ಟು ಗಂಟೆ ಬಿಸಿಲಿತ್ತು ಎಂದು ಲೆಕ್ಕ ಹಾಕಿ, ಅಲ್ಲಿಂದ ಸೂತ್ರದ ಮೂಲಕ ವಿಕಿರಣಕ್ಕೆ ಬರಬೇಕು. ಹೀಗೆ ಅಂದಾಜಿಸಿದ ಅಂಕಿಯೂ ಅಳೆದ ಅಂಕಿಯೂ ಕಡತದಲ್ಲಿ ನೋಡಲು ಒಂದೇ.

ಕಡತದ ಒಳಗೆ

ಕನಿಷ್ಠ ಪಟ್ಟಿ ಕಾಗದದಲ್ಲೇ ಉಳಿಯಲಿಲ್ಲ. ಟೆಕ್ಸಸ್‌ನಲ್ಲಿ ಜೋ ರಿಚಿ ಮತ್ತು ಸಂಗಡಿಗರು ಕಟ್ಟಿದ ಸೀರಿಸ್ ಮಾದರಿಗಳು, ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಜಿಮ್ ಜೋನ್ಸ್, ಕೆನ್ ಬೂಟ್ ಮೊದಲಾದವರು ಕಟ್ಟಿದ ಸೋಯಾ ಮತ್ತು ಕಡಲೆಕಾಯಿ ಮಾದರಿಗಳು ಮೊದಲು ಬೇರೆ ಬೇರೆ ರೂಪದ ಕಡತಗಳನ್ನು ಓದುತ್ತಿದ್ದವು. ಇಬ್ಸ್‌ನ್ಯಾಟ್ ಅವನ್ನೆಲ್ಲ ಒಂದೇ ರೂಪಕ್ಕೆ ತಂದು, ಡಿಸ್ಸ್ಯಾಟ್ ಎಂಬ ಹೆಸರಿನ ಒಂದೇ ಕಟ್ಟಾಗಿ 1989ರಲ್ಲಿ ಹೊರತಂದಿತು. ತನ್ನ ಪ್ರಯೋಗದ ವಿವರವನ್ನು ಮಾನಕದಂತೆ ಬರೆದಿಟ್ಟ ವಿಜ್ಞಾನಿ ಅದೇ ಸಂಜೆ ತನ್ನ ಬೆಳೆಯನ್ನು ಪರದೆಯ ಮೇಲೆ ಮತ್ತೆ ಬೆಳೆಸಿ ನೋಡಬಹುದಿತ್ತು. ಇನ್ನಷ್ಟು ಸಾರಜನಕ ಕೊಟ್ಟಿದ್ದರೆ, ಹದಿನೈದು ದಿನ ತಡವಾಗಿ ಬಿತ್ತಿದ್ದರೆ ಎಂದು ಕೇಳಬಹುದಿತ್ತು. ಮಾನಕವನ್ನು ಪಾಲಿಸಲು ಯಾರೂ ಸುತ್ತೋಲೆ ಕಳಿಸಬೇಕಾಗಲಿಲ್ಲ.

ಒಂದು ಕಡತವನ್ನು ಬಿಡಿಸಿ ನೋಡೋಣ. ಡಿಸ್ಸ್ಯಾಟ್ ಜೊತೆಗೆ ಉದಾಹರಣೆಯಾಗಿ ಬರುವ ಪ್ರಯೋಗವೊಂದರ ಹೆಸರು ‘ಯುಎಫ್‌ಜಿಎ8201’, ಚುಕ್ಕಿಯ ನಂತರ ‘ಎಂಝಡ್‌ಎಕ್ಸ್’. ಮೊದಲ ಎರಡು ಅಕ್ಷರ ಸಂಸ್ಥೆಗೆ, ಅಂದರೆ ಫ್ಲಾರಿಡಾ ವಿಶ್ವವಿದ್ಯಾಲಯಕ್ಕೆ. ಮುಂದಿನ ಎರಡು ಊರಿಗೆ, ಗೇನ್ಸ್‌ವಿಲ್. ಆಮೇಲೆ 1982ನೇ ಇಸವಿ, ಆ ವರ್ಷದ ಮೊದಲ ಪ್ರಯೋಗ. ಕೊನೆಯ ಮೂರರಲ್ಲಿ ಎರಡು ಮುಸುಕಿನ ಜೋಳಕ್ಕೆ, ಒಂದು ಪ್ರಯೋಗದ ಕಡತ ಎಂಬ ಗುರುತಿಗೆ. ಅಂದಿನ ಡಾಸ್ ವ್ಯವಸ್ಥೆಯಲ್ಲಿ ಕಡತದ ಹೆಸರಿಗೆ ಎಂಟು ಅಕ್ಷರ, ಚುಕ್ಕಿಯ ನಂತರ ಮೂರು, ಅಷ್ಟೇ ಅವಕಾಶ. ಆ ಹನ್ನೊಂದು ಅಕ್ಷರಗಳಲ್ಲೇ ಸಂಸ್ಥೆ, ಊರು, ವರ್ಷ, ಬೆಳೆ ಎಲ್ಲವನ್ನೂ ಅಡಕಿಸಿದ್ದಾರೆ. ಒಳಗೆ ಎರಡು ಮಟ್ಟದ ಸಾರಜನಕ, ಮೂರು ಬಗೆಯ ನೀರಾವರಿ, ಒಟ್ಟು ಆರು ಉಪಚಾರಗಳು. ಬಿತ್ತನೆಯ ದಿನ ‘82057’ ಎಂದಿದೆ: 1982ರ ಐವತ್ತೇಳನೆಯ ದಿನ, ಅಂದರೆ ಫೆಬ್ರವರಿ 26.

ಈ ಮಿತವ್ಯಯಕ್ಕೆ ಬೆಲೆಯನ್ನೂ ತೆರಬೇಕಾಯಿತು. ವರ್ಷಕ್ಕೆ ಎರಡೇ ಅಂಕಿ ಕೊಟ್ಟದ್ದರಿಂದ ಯಾವ ಶತಮಾನ ಎಂಬುದನ್ನು ಕಾರ್ಯಕ್ರಮವೇ ಊಹಿಸಬೇಕು. ನೂರು ವರ್ಷದ ಮಳೆ ದಾಖಲೆ ಇಟ್ಟುಕೊಂಡವರಿಗೆ ಇದು ದೊಡ್ಡ ತೊಡಕು. ಅಳತೆ ಇಲ್ಲದ ಕಡೆ ‘-99’ ಎಂದು ಬರೆಯುವ ರೂಢಿ ಇನ್ನೊಂದು. ಕಡತದ ರೀತಿ ಗೊತ್ತಿಲ್ಲದವರು ಅದನ್ನು ಸ್ಪ್ರೆಡ್‌ಶೀಟ್‌ಗೆ ಹಾಕಿ ಸರಾಸರಿ ತೆಗೆದರೆ ಇಲ್ಲದ ಅಂಕಿಯೂ ಲೆಕ್ಕಕ್ಕೆ ಸೇರಿ ಫಲಿತಾಂಶ ಕೆಡುತ್ತದೆ.

ಇಳುವರಿಯ ಕಲಂ ಇನ್ನೂ ಎಚ್ಚರ ಬೇಡುತ್ತದೆ. ಮಾನಕ ಕೇಳುವುದು ಹೆಕ್ಟೇರಿಗೆ ಇಷ್ಟು ಕಿಲೋ ಒಣ ತೂಕ ಎಂದು. ನಮ್ಮಲ್ಲಿ ರೈತರಾಗಲಿ ಕೃಷಿ ಇಲಾಖೆಯವರಾಗಲಿ ಮಾತಾಡುವುದು ಎಕರೆಗೆ ಕ್ವಿಂಟಾಲ್ ಲೆಕ್ಕದಲ್ಲಿ, ಅದೂ ಕಣದಿಂದ ಬಂದ ಕಾಳಿನ ತೂಕ. ಎಕರೆಗೆ ಹತ್ತು ಕ್ವಿಂಟಾಲ್ ಅಂದರೆ ಹೆಕ್ಟೇರಿಗೆ ಸುಮಾರು 2,471 ಕಿಲೋ. ಕಾಳಿನಲ್ಲಿ ಶೇ. 14ರಷ್ಟು ತೇವಾಂಶವಿದ್ದರೆ ಒಣ ತೂಕ 2,125 ಕಿಲೋಗೆ ಇಳಿಯುತ್ತದೆ. ಮುನ್ನೂರೈವತ್ತು ಕಿಲೋಗಳಷ್ಟು ಈ ಅಂತರ ಹೊಸ ತಳಿಯ ಹೆಚ್ಚುಗಾರಿಕೆಯೆಂದೋ ಗೊಬ್ಬರದ ಗುಣವೆಂದೋ ತಪ್ಪಾಗಿ ಓದಿಸಿಕೊಳ್ಳಬಹುದು. ತೇವಾಂಶವನ್ನು ಬರೆಯದ ಪ್ರಯೋಗ ವರದಿಯನ್ನು ಬೇರೆಯವರು ಬಳಸಿಕೊಳ್ಳಲು ಹಿಂಜರಿದರೆ ಅದು ಸರಿಯೇ.

ಹಣ ನಿಂತ ಮೇಲೆ

1993ರಲ್ಲಿ ಇಬ್ಸ್‌ನ್ಯಾಟ್‌ಗೆ ಬರುತ್ತಿದ್ದ ನೆರವು ಮುಗಿಯಿತು. ಇಂಥ ಘಟ್ಟದಲ್ಲಿ ಎಷ್ಟೋ ಯೋಜನೆಗಳು ಕೊನೆಯ ವರದಿಯೊಂದಿಗೆ ಕಪಾಟು ಸೇರುತ್ತವೆ. ಇಲ್ಲಿ ಹಾಗಾಗಲಿಲ್ಲ. ಮಾದರಿಗಳನ್ನು ದಿನವೂ ಬಳಸುತ್ತಿದ್ದವರೇ ಇಕಾಸಾ ಎಂಬ ಒಕ್ಕೂಟ ಕಟ್ಟಿಕೊಂಡು ಮಾನಕವನ್ನು ಕೈಗೆತ್ತಿಕೊಂಡರು. ಕೆನಡಾದ ಗ್ವೆಲ್ಫ್‌ನ ಹಂಟ್, ಜೆಫ್ರಿ ವೈಟ್, ಗೆರಿಟ್ ಹೂಗನ್‌ಬೂಮ್ ಮೂವರೂ ಸೇರಿ 2001ರಲ್ಲಿ ಪ್ರಯೋಗಗಳ ದಾಖಲೀಕರಣ ಮತ್ತು ವಿನಿಮಯದ ಕುರಿತು ಬರೆದ ಪ್ರಬಂಧ, 2013ರಲ್ಲಿ ವೈಟ್ ಮತ್ತು ಸಂಗಡಿಗರು ಪ್ರಕಟಿಸಿದ ಇಕಾಸಾ 2.0 ಆವೃತ್ತಿ, ಈ ಎರಡನ್ನು ಅಕ್ಕಪಕ್ಕ ಇಟ್ಟು ಓದಿದರೆ ಒಂದು ಮಹತ್ವದ ಬದಲಾವಣೆ ಕಾಣುತ್ತದೆ. ಯಾವ ಕಲಂ ಎಷ್ಟನೇ ಅಕ್ಷರದಿಂದ ಶುರುವಾಗಬೇಕು ಎಂಬ ಕಡತದ ರೂಪ ಹಿಂದೆ ಸರಿಯಿತು. ಪ್ರತಿಯೊಂದು ಅಂಶದ ಹೆಸರು, ಅದರ ವಿವರಣೆ, ಅದರ ಏಕಮಾನ, ಇವನ್ನೊಳಗೊಂಡ ಪಟ್ಟಿ ಮುಂದೆ ಬಂತು. ಆ ಪಟ್ಟಿಯನ್ನು ಯಾರು ಬೇಕಾದರೂ ತೆರೆದು ನೋಡಬಹುದಾದ ಸ್ಪ್ರೆಡ್‌ಶೀಟ್ ಆಗಿ ಇಟ್ಟರು. ಕಡತದ ರೂಪ ತಂತ್ರಾಂಶದೊಂದಿಗೆ ಹಳತಾಗುತ್ತದೆ. ‘ಬಿತ್ತನೆಯ ಆಳ, ಸೆಂಟಿಮೀಟರ್‌ನಲ್ಲಿ’ ಎಂಬುದು ಹಳತಾಗುವುದಿಲ್ಲ.

ಈ ಬದಲಾವಣೆಯ ಫಲ ಬೇಗನೆ ಕಂಡಿತು. 2010ರಲ್ಲಿ ಸಿಂಥಿಯಾ ರೋಸೆನ್‌ಜ್ವೈಗ್, ಜಿಮ್ ಜೋನ್ಸ್, ಜೆರಿ ಹ್ಯಾಟ್‌ಫೀಲ್ಡ್ ಮುಂದಾಳ್ತನದಲ್ಲಿ ಆರಂಭವಾದ ಆಗ್‌ಮಿಪ್ ಜಾಲಕ್ಕೆ ಬೇರೆ ಬೇರೆ ದೇಶಗಳ ಬೆಳೆ ಮಾದರಿಗಳನ್ನು ಒಂದೇ ದತ್ತಾಂಶದ ಮೇಲೆ ಓಡಿಸಿ ಹೋಲಿಸಬೇಕಿತ್ತು. ಅಮೆರಿಕದ ಡಿಸ್ಸ್ಯಾಟ್, ಆಸ್ಟ್ರೇಲಿಯದ ಎಪಿಸಿಮ್, ಫ್ರಾನ್ಸಿನ ಸ್ಟಿಕ್ಸ್, ಒಂದೊಂದಕ್ಕೂ ಒಂದೊಂದು ಕಡತ ರೀತಿ. ಯಾವುದನ್ನೂ ಬಿಡಿಸಲು ಹೋಗದೆ, ಇಕಾಸಾ ಹೆಸರುಗಳನ್ನು ನಡುವಿನ ಭಾಷೆಯಾಗಿ ಇಟ್ಟುಕೊಂಡು ಪ್ರತಿ ಮಾದರಿಗೂ ಒಂದು ಅನುವಾದಕ ತಂತ್ರಾಂಶ ಬರೆದರು. ಚೆರಿಲ್ ಪೋರ್ಟರ್ ಮತ್ತು ಸಂಗಡಿಗರು 2014ರಲ್ಲಿ ಈ ಕೆಲಸವನ್ನು ವಿವರಿಸಿದ್ದಾರೆ. ನಿಜವಾದ ಪ್ರಯೋಗಗಳಲ್ಲಿ ಕೆಲವು ಅಂಶ ಇದ್ದೇ ಇರುವುದಿಲ್ಲ, ಮಾದರಿ ಓಡಬೇಕಾದರೆ ಅವನ್ನು ಊಹಿಸಿ ತುಂಬಬೇಕು. ಹಾಗೆ ಊಹಿಸಿದ್ದನ್ನು ಮೂಲ ದತ್ತಾಂಶಕ್ಕೆ ಬೆರೆಸದೆ ಪ್ರತ್ಯೇಕ ಕಡತದಲ್ಲಿ ಇಡುವ ಕ್ರಮವನ್ನು ಅವರು ಪಾಲಿಸಿದರು. ಹೊಲದಲ್ಲಿ ಅಳೆದದ್ದು ಯಾವುದು, ಮೇಜಿನ ಮುಂದೆ ಕೂತು ಊಹಿಸಿದ್ದು ಯಾವುದು ಎಂದು ಓದುಗರಿಗೆ ತಿಳಿಯಲೇಬೇಕು. ಸಂಶೋಧನೆಯ ಮಟ್ಟಿಗೆ ಇದಕ್ಕಿಂತ ಮುಖ್ಯವಾದ ಶಿಸ್ತು ಇಲ್ಲ. 2013ರಲ್ಲಿ ಪ್ರಕಟವಾದ ಗೋಧಿ ಅಧ್ಯಯನದಲ್ಲಿ 27 ಮಾದರಿಗಳನ್ನು ನಾಲ್ಕು ತಾಣಗಳ ದತ್ತಾಂಶದ ಮೇಲೆ ಹೋಲಿಸಿದರು. ಆ ನಾಲ್ಕರಲ್ಲಿ ದೆಹಲಿಯೂ ಒಂದು.

ರಾಗಿ ಹೊಲ ಮತ್ತು ಅಕ್ಕಡಿ ಸಾಲು

ಕನ್ನಡ ನಾಡಿಗೆ ಈ ಇತಿಹಾಸ ಹೊರಗಿನದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸುಲೋಚನಾ ಗಾಡ್ಗೀಳ್ ಮತ್ತು ಸಂಗಡಿಗರು ಫ್ಲಾರಿಡಾದ ಕಡಲೆಕಾಯಿ ಮಾದರಿಯನ್ನೇ ತೆಗೆದುಕೊಂಡು, ನಮ್ಮ ಗಡಿಗೆ ತಾಗಿದ ಅನಂತಪುರ ಸೀಮೆಯ ಮಳೆಯಾಶ್ರಿತ ಕಡಲೆಕಾಯಿ ಬೆಳೆಗೆ ಅನ್ವಯಿಸಿ, 2002ರಲ್ಲಿ ಪ್ರಬಂಧ ಪ್ರಕಟಿಸಿದರು. ಯಾವಾಗ ಬಿತ್ತಿದರೆ ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಡುವ ಅಪಾಯ ಕಡಿಮೆ ಎಂಬುದು ಅಲ್ಲಿನ ರೈತರ ಪ್ರಶ್ನೆ. ಹಲವು ದಶಕಗಳ ದಿನವಾರು ಮಳೆ ದಾಖಲೆ ಕೈಯಲ್ಲಿದ್ದುದರಿಂದಲೇ ಮಾದರಿಯನ್ನು ವರ್ಷ ವರ್ಷಕ್ಕೂ ಓಡಿಸಿ ಉತ್ತರ ಹುಡುಕಲು ಸಾಧ್ಯವಾಯಿತು. ಮಳೆಮಾಪಕದ ಮುಂದೆ ಪ್ರತಿ ಬೆಳಿಗ್ಗೆ ನಿಂತು ಅಂಕಿ ಬರೆದವರು ಯಾರೋ. ಅವರ ಹೆಸರು ಯಾವ ಪ್ರಬಂಧದಲ್ಲೂ ಇಲ್ಲ. ದತ್ತಾಂಶ ಮಾನಕಗಳ ಇತಿಹಾಸ ಬರೆಯುವವರು ಅವರನ್ನು ನೆನೆಯಲೇಬೇಕು.

ಕೊರತೆ ಇರುವುದು ಬೇರೆ ಕಡೆ. ಇಬ್ಸ್‌ನ್ಯಾಟ್ ಮೊದಲು ಆರಿಸಿಕೊಂಡ ಬೆಳೆಗಳಲ್ಲಿ ರಾಗಿ ಇರಲಿಲ್ಲ. ಬಿತ್ತನೆಯ ವಿವರದ ಮಟ್ಟಿಗೆ ರಾಗಿಗೆ ತೊಂದರೆಯೇನಿಲ್ಲ: ಸಾಲಿನಲ್ಲಿ ಬಿತ್ತಿದ್ದು, ಚೆಲ್ಲಿ ಬಿತ್ತಿದ್ದು, ನಾಟಿ ಮಾಡಿದ್ದು, ಗುಳಿಯಲ್ಲಿ ಊರಿದ್ದು, ಎಲ್ಲಕ್ಕೂ ಕಡತದಲ್ಲಿ ಸಂಕೇತಗಳಿವೆ. ನಾಟಿ ರಾಗಿಯನ್ನೂ ಗುಳಿ ರಾಗಿಯನ್ನೂ ಹಾಗೇ ದಾಖಲಿಸಬಹುದು. ಆದರೆ ಹಳೆ ಮೈಸೂರು ಸೀಮೆಯ ಹೊಲದಲ್ಲಿ ರಾಗಿ ಒಂಟಿಯಾಗಿ ಬೆಳೆದದ್ದು ಅಪರೂಪ. ಕೆಲವು ಸಾಲಿಗೊಮ್ಮೆ ಅಕ್ಕಡಿ ಬರುತ್ತದೆ: ಅವರೆ, ತೊಗರಿ, ಹುಚ್ಚೆಳ್ಳು, ಜೋಳ, ಅಂಚಿನಲ್ಲಿ ಹರಳು. ಮಳೆ ಹಿಂದೆಮುಂದಾದರೂ ಏನಾದರೊಂದು ಮನೆಗೆ ಬರಲಿ ಎಂದು ಹಿರಿಯರು ಕಂಡುಕೊಂಡ ಕ್ರಮ ಅದು. ಡಿಸ್ಸ್ಯಾಟ್‌ನ ಮುಖ್ಯ ಮಾದರಿಗಳು ಒಂದು ತಾಕಿನಲ್ಲಿ ಒಂದು ಹೊತ್ತಿಗೆ ಒಂದೇ ಬೆಳೆಯನ್ನು ಲೆಕ್ಕ ಹಾಕುವಂತೆ ಕಟ್ಟಲಾದವು. ಒಂದೇ ಹೊಲದಲ್ಲಿ ಐದು ಬೆಳೆ, ಐದು ಬಿತ್ತನೆಯ ಅಂತರ, ಐದು ಕೊಯ್ಲಿನ ದಿನ ಎಂಬುದನ್ನು ಆ ಚೌಕಟ್ಟಿಗೆ ಇಳಿಸಲು ಹೋದರೆ ರಾಗಿಯ ಇಳುವರಿಯೊಂದು ಉಳಿದು ಮಿಕ್ಕದ್ದು ಜಾರಿಹೋಗುತ್ತದೆ. ಆಗ ಅಕ್ಕಡಿ ಹೊಲ ಕಡಿಮೆ ಇಳುವರಿಯ ಹೊಲದಂತೆ ಕಾಣುತ್ತದೆ. ಅದು ಆ ಹೊಲಕ್ಕೂ ಅದನ್ನು ಬೆಳೆದವರಿಗೂ ಆಗುವ ಅನ್ಯಾಯ.

ಇದನ್ನು ಸರಿಪಡಿಸುವ ದಾರಿ ಮುಚ್ಚಿಲ್ಲ. ಡಿಸ್ಸ್ಯಾಟ್ 2019ರಿಂದ ಮುಕ್ತ ತಂತ್ರಾಂಶವಾಗಿದೆ, ಇಕಾಸಾ ಪಟ್ಟಿಯೂ ತೆರೆದಿದೆ. ಒಣಬೇಸಾಯ ಮತ್ತು ಕೃಷಿ ಹವಾಮಾನದ ಅಖಿಲ ಭಾರತ ಸಮನ್ವಯ ಯೋಜನೆಗಳಿಗೆ ಬೆಂಗಳೂರಿನಲ್ಲೂ ವಿಜಯಪುರದಲ್ಲೂ ಕೇಂದ್ರಗಳಿದ್ದು, ಕೆಮ್ಮಣ್ಣಿನ ರಾಗಿಯಿಂದ ಎರೆಮಣ್ಣಿನ ಹಿಂಗಾರಿ ಜೋಳದವರೆಗೆ ದಶಕಗಳ ಪ್ರಯೋಗ ನಡೆದಿದೆ. ಆ ಹಳೆಯ ವರದಿಗಳಿಂದ ಮೊದಲು ತೆಗೆಯಬೇಕಾದವು ಬಿತ್ತನೆಯ ದಿನ, ತಳಿ, ಅಕ್ಕಡಿ ಬೆಳೆಗಳ ಹೆಸರು ಮತ್ತು ಸಾಲಿನ ಅನುಪಾತ, ಪ್ರತಿ ಬೆಳೆಯ ಕೊಯ್ಲಿನ ದಿನ, ತೂಕ, ತೇವಾಂಶ. ಆ ಬಳಿಕ ಅದೇ ಕೇಂದ್ರದ ದಿನವಾರು ಮಳೆಯನ್ನು ಜೋಡಿಸಬೇಕು. ಅಳೆಯದೆ ಬಿಟ್ಟ ಕಡೆ ಊಹೆಯನ್ನು ತುಂಬದೆ ಖಾಲಿ ಎಂದೇ ಗುರುತಿಸಬೇಕು. ಇಷ್ಟನ್ನು ಮಾಡಲು ಹೊಸ ಉಪಕರಣವಾಗಲಿ ಹೊಸ ಸಮಿತಿಯಾಗಲಿ ಬೇಕಿಲ್ಲ. ವರದಿಗಳನ್ನು ಓದಬಲ್ಲ ಬೇಸಾಯಶಾಸ್ತ್ರದ ವಿದ್ಯಾರ್ಥಿಗಳು ಬೇಕು, ಆ ದುಡಿಮೆಯನ್ನು ಅವರ ಪ್ರಬಂಧದ ಭಾಗವೆಂದು ಒಪ್ಪುವ ಮಾರ್ಗದರ್ಶಕರು ಬೇಕು.