ಹಳೇ ರೆಕ್ಕೆಯ ಹೊಸ ವಿಮಾನ: ದಮ್‌ದಮ್‌ನಿಂದ ಹಾರಿದ ವಾಪಿಟಿ

ಕೋಲ್ಕತ್ತಾದ ಸೆಕ್ಟರ್ ಫೈವ್‌ನಲ್ಲಿ ಕೋಡ್ ಬರೆಯೋ ನನಗೆ ದಮ್‌ದಮ್ ಅಂದ್ರೆ ಬೆಂಗಳೂರಿಗೆ ಫ್ಲೈಟ್ ಹಿಡಿಯೋ ಜಾಗ, ಅಷ್ಟೇ ಆಗಿತ್ತು. ಎರಡನೇ ಮಹಾಯುದ್ಧದ ಶುರುವಿನಲ್ಲಿ ಬಂಗಾಳ ಕೊಲ್ಲಿ ಕಾಯೋಕೆ ಇಲ್ಲಿಂದ ವೆಸ್ಟ್‌ಲ್ಯಾಂಡ್ ವಾಪಿಟಿ ಅನ್ನೋ ಬೈಪ್ಲೇನ್ ಹಾರುತ್ತಿತ್ತು ಅಂತ ಓದಿದ ಮೇಲೆ ಆ ರನ್‌ವೇಯನ್ನ ಬೇರೆ ಥರ ನೋಡ್ತಿದ್ದೀನಿ.

ವಾಪಿಟಿ ಹುಟ್ಟಿದ್ದೇ ಉಳಿತಾಯದಿಂದ. ಮೊದಲ ಮಹಾಯುದ್ಧ ಮುಗಿದಾಗ ಬ್ರಿಟಿಷ್ ವಾಯುಪಡೆಯ ಗೋದಾಮುಗಳಲ್ಲಿ ಡಿಎಚ್ 9ಎ ವಿಮಾನದ ಬಿಡಿಭಾಗಗಳು ರಾಶಿ ಬಿದ್ದಿದ್ದವು. ಹೊಸ ವಿಮಾನ ಮಾಡಿ, ಆದರೆ ಆದಷ್ಟೂ ಹಳೇ ಭಾಗಗಳನ್ನೇ ಬಳಸಿ ಅಂತ ಸರ್ಕಾರದ ಷರತ್ತು. ಹೀಗೆ ಹಳೇ ರೆಕ್ಕೆಗೆ ಬ್ರಿಸ್ಟಲ್ ಜುಪಿಟರ್ ಎಂಜಿನ್ ಜೋಡಿಸಿ, 1927ರ ಮಾರ್ಚ್‌ನಲ್ಲಿ ಮೊದಲ ಬಾರಿ ಹಾರಿಸಿದರು. ಮೊದಲ ವಿಮಾನದ ಬಾಲದ ಕಡೆ ಸುಮಾರು ಎರಡು ಅಡಿ ಉದ್ದವನ್ನೇ ತಪ್ಪಿ ಬಿಟ್ಟುಬಿಟ್ಟಿದ್ದರು ಅಂತ ಒಂದು ಕಥೆಯೂ ಇದೆ. ಟೆಸ್ಟಿಂಗ್‌ನಲ್ಲಿ ಬಗ್ ಸಿಕ್ಕ ಮೇಲೆ ಮೂಲ ಸರಿಮಾಡೋ ಬದಲು ದೊಡ್ಡ ಬಾಲ ಹಾಕಿ ಕೆಲಸ ನಡೆಸಿದರಂತೆ. ನಮ್ಮ ಫೀಲ್ಡಿನವರಿಗೆ ಬಿಡಿಸಿ ಹೇಳಬೇಕಿಲ್ಲ!

ನನ್ನ ಪ್ರಕಾರ 1927ಕ್ಕೆ ಅದು ಒಳ್ಳೇ ಡಿಸೈನೇ. ಐನೂರಕ್ಕೂ ಹೆಚ್ಚು ತಯಾರಾದವು. 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡ್‌ನಲ್ಲಿ ಭಾರತೀಯ ವಾಯುಪಡೆಯ ಮೊದಲ ಸ್ಕ್ವಾಡ್ರನ್ ಶುರುವಾಗಿದ್ದು ನಾಲ್ಕೇ ನಾಲ್ಕು ವಾಪಿಟಿಗಳಿಂದ. ಅದರ ಮೊದಲ ಪೈಲಟ್‌ಗಳಲ್ಲಿ ಒಬ್ಬರು ಕೋಲ್ಕತ್ತಾದಲ್ಲಿ ಹುಟ್ಟಿದ ಸುಬ್ರತೋ ಮುಖರ್ಜಿ, ಮುಂದೆ ವಾಯುಪಡೆಗೆ ಮುಖ್ಯಸ್ಥರಾದ ಮೊದಲ ಭಾರತೀಯ. ಎರಡೇ ದಿನದ ನಂತರ, ಏಪ್ರಿಲ್ 3ಕ್ಕೆ, ಬಿಹಾರದ ಪೂರ್ಣಿಯಾದಿಂದ ಹೊರಟು ಎವರೆಸ್ಟ್ ಮೇಲೆ ಹಾರಿದ ಎರಡು ವಿಮಾನಗಳಲ್ಲಿ ಒಂದು ವಾಪಿಟಿಯ ತಮ್ಮ, ವ್ಯಾಲೇಸ್.

ಬೇಜಾರಾಗೋದು ಆಮೇಲಿನ ವಿಷಯ. ಯುದ್ಧ ಬಂದಾಗ ಕೋಲ್ಕತ್ತಾ, ಮದ್ರಾಸು, ಬೊಂಬಾಯಿಯಂಥ ಬಂದರುಗಳಿಗೆ ಕರಾವಳಿ ರಕ್ಷಣಾ ಫ್ಲೈಟ್‌ಗಳನ್ನ ಕಟ್ಟಿದರು. ಕೋಲ್ಕತ್ತಾದ್ದು ಮೂರನೇ ನಂಬರ್. ಹಾರಿಸಿದವರಲ್ಲಿ ಫ್ಲೈಯಿಂಗ್ ಕ್ಲಬ್‌ಗಳಿಂದ ಬಂದ ಸ್ವಯಂಸೇವಕ ಪೈಲಟ್‌ಗಳಿದ್ದರು. ಅವರಿಗೆ ಸಿಕ್ಕಿದ್ದು ಬೇರೆ ಸ್ಕ್ವಾಡ್ರನ್‌ಗಳು ಉಪಯೋಗಿಸಿ ಬಿಟ್ಟ ವಾಪಿಟಿಗಳು. ಬ್ರಿಟನ್ನಿನಲ್ಲಿ ಹರಿಕೇನ್ ಗಂಟೆಗೆ 500 ಕಿ.ಮೀ. ದಾಟುತ್ತಿದ್ದಾಗ ಇದರ ವೇಗ ಸುಮಾರು 215. ಮೇಲೆ ಮುಚ್ಚಿಗೆ ಇಲ್ಲ. ಇರೋದು ಒಂದೇ ಎಂಜಿನ್, ಅದು ಕೆಟ್ಟರೆ ಕೆಳಗೆ ಬರೀ ಸಮುದ್ರ. ಅದರಲ್ಲೇ ಹಡಗುಗಳಿಗೆ ಕಾವಲು ಹೋಗ್ತಿದ್ರು, ಶತ್ರುವನ್ನ ಹುಡುಕ್ತಿದ್ರು. ಹಳೇದನ್ನ ಮತ್ತೆ ಬಳಸಿದ್ದಕ್ಕೆ ನನ್ನ ತಕರಾರಿಲ್ಲ. ಬದಲಾಯಿಸೋ ಹೊತ್ತು ಬಂದಾಗಲೂ ಭಾರತದವರಿಗೆ ಇಷ್ಟು ಸಾಕು ಅಂದುಕೊಂಡದ್ದಕ್ಕೆ ಇದೆ.

ದೆಹಲಿಯ ಪಾಲಂನಲ್ಲಿರುವ ವಾಯುಪಡೆ ಮ್ಯೂಸಿಯಂನಲ್ಲಿ ಒಂದು ವಾಪಿಟಿ ಇನ್ನೂ ಇದೆ. ಹೋದ್ರೆ ಆ ತೆರೆದ ಕಾಕ್‌ಪಿಟ್ ಎಷ್ಟು ಚಿಕ್ಕದು ಅಂತ ನೋಡಿ ಬನ್ನಿ.