ಕುರುಚಲು ಕಾಡಿನ ಯುದ್ಧ, ಮೇಜಿನ ಮೇಲೆ

ಯುದ್ಧವನ್ನು ಆಟವಾಗಿಸುವ ಚಪಲ ಮನುಷ್ಯನಿಗೆ ಬಹು ಹಳೆಯದು. ನಮ್ಮ ಚದುರಂಗದ ಹೆಸರೇ ರಥ, ಗಜ, ತುರಗ, ಪದಾತಿಗಳೆಂಬ ನಾಲ್ಕು ಅಂಗಗಳ ಸೈನ್ಯವನ್ನು ಸೂಚಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪ್ರಷ್ಯದ ರೈಸ್‌ವಿಟ್ಸ್ ತಂದೆ-ಮಗ ನಕ್ಷೆ, ದಾಳ, ತೀರ್ಪುಗಾರ ಇವನ್ನು ಕೂಡಿಸಿ ಯುದ್ಧದಾಟವೊಂದನ್ನು ರೂಪಿಸಿದರು. 1824ರಿಂದ ಅದು ಅಲ್ಲಿಯ ಸೇನಾಧಿಕಾರಿಗಳ ತರಬೇತಿಯಲ್ಲಿ ಸೇರಿಕೊಂಡಿತು. 1913ರಲ್ಲಿ ಇಂಗ್ಲೆಂಡಿನ ಕಾದಂಬರಿಕಾರ ಎಚ್. ಜಿ. ವೆಲ್ಸ್ ‘ಲಿಟಲ್ ವಾರ್ಸ್’ ಎಂಬ ಪುಸ್ತಕದಲ್ಲಿ ಆಟಿಕೆಯ ಸೈನಿಕರನ್ನು ನೆಲದ ಮೇಲೆ ಹೂಡಿ ಆಡುವುದಕ್ಕೆ ನಿಯಮಗಳನ್ನು ಕೊಟ್ಟರು. ಮರುವರ್ಷವೇ ನಿಜವಾದ ಮಹಾಯುದ್ಧ ಬಂತು.

ಇಂದಿನ ಹವ್ಯಾಸಿಗಳ ಬಳಿ ಅಂಗೈಯಲ್ಲಿ ಅಡಗುವ ಗೊಂಬೆ ಸೈನಿಕರು, ಅಳತೆಯ ಪಟ್ಟಿ, ದಾಳಗಳು ಮತ್ತು ಒಂದು ಮೂಲ ನಿಯಮಪುಸ್ತಕ ಇರುತ್ತವೆ. ಒಂದೊಂದು ಕಾಲದ, ಒಂದೊಂದು ದೇಶದ ಯುದ್ಧಕ್ಕೆ ಬೇರೆ ಬೇರೆ ಪೂರಕ ಪುಸ್ತಿಕೆಗಳೂ ಸಿಗುತ್ತವೆ. ಯಾರ ಕೈಯಲ್ಲಿ ಯಾವ ಬಂದೂಕು, ಎಷ್ಟು ಜನ, ಎಂಥ ನೆಲ, ಗೆಲುವೆಂದರೆ ಯಾವುದು ಎಂಬುದನ್ನೆಲ್ಲ ತಿಳಿಸುವುದು ಆ ಪುಸ್ತಿಕೆಯೇ. ಆಫ್ರಿಕದ ಕುರುಚಲು ಕಾಡುಗಳಲ್ಲಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನಡೆದ ಯುದ್ಧಗಳಿಗೂ ಇಂಥ ಪುಸ್ತಿಕೆಗಳಿವೆ. ಅವುಗಳಲ್ಲಿ ಯಾವುದನ್ನು ನಂಬಬಹುದು? ಇದು ಬರಿಯ ಆಟದ ಪ್ರಶ್ನೆಯಲ್ಲ. ಎಷ್ಟೋ ತರುಣರು ಆ ಯುದ್ಧಗಳ ಹೆಸರನ್ನು ಮೊದಲು ಕೇಳುವುದು ಆಟದ ಮೇಜಿನ ಬಳಿಯಲ್ಲೇ. ಆದ್ದರಿಂದ ಒಂದು ಯುದ್ಧವನ್ನು ಒರೆಗಲ್ಲಾಗಿ ಇಟ್ಟುಕೊಂಡು ಈ ಪ್ರಶ್ನೆಯನ್ನು ನೋಡೋಣ. ಅದು ಇಂದಿನ ಜಿಂಬಾಬ್ವೆ, ಅಂದಿನ ರೊಡೇಷಿಯದ ಯುದ್ಧ.

ಜಗಳದ ಬೇರು ಇದ್ದುದು ಮಣ್ಣಿನಲ್ಲಿ. 1930ರ ಭೂಹಂಚಿಕೆ ಕಾಯಿದೆ ದೇಶದ ಸುಮಾರು ಅರ್ಧ ನೆಲವನ್ನು, ಅದರಲ್ಲೂ ಫಲವತ್ತಾದ ಭಾಗವನ್ನು, ಬೆರಳೆಣಿಕೆಯ ಬಿಳಿಯರಿಗೆ ಮೀಸಲಿಟ್ಟಿತು. ಬಹುಸಂಖ್ಯಾತರಿಗೆ ಅಧಿಕಾರ ಕೊಡಲು ಒಪ್ಪದ ಇಯಾನ್ ಸ್ಮಿತ್ ಸರಕಾರ 1965ರ ನವೆಂಬರ್ 11ರಂದು ಬ್ರಿಟನ್ನಿನ ಒಪ್ಪಿಗೆಯಿಲ್ಲದೆ ತಾನೇ ಸ್ವಾತಂತ್ರ್ಯ ಸಾರಿಕೊಂಡಿತು. 1966ರ ಏಪ್ರಿಲ್ 28ರಂದು ಸಿನೋಯ, ಈಗಿನ ಚಿನ್ಹೋಯಿ, ಎಂಬಲ್ಲಿ ಏಳು ಮಂದಿ ಗೆರಿಲ್ಲಾಗಳು ಸರಕಾರಿ ಪಡೆಗಳೊಡನೆ ಕಾದಾಡಿ ಏಳೂ ಮಂದಿ ಮಡಿದರು. ಮೇಜಿನ ಮೇಲೆ ಇಟ್ಟರೆ ಇದು ಪೂರ್ತಿ ಸೋಲು. ಆದರೆ ಜಿಂಬಾಬ್ವೆಯ ಜನ ತಮ್ಮ ಎರಡನೆಯ ಚಿಮುರೆಂಗಾ, ಎಂದರೆ ವಿಮೋಚನೆಯ ಹೋರಾಟ, ಅಂದೇ ಮೊದಲಾಯಿತೆಂದು ಸ್ಮರಿಸುತ್ತಾರೆ. ಹೆಣಗಳನ್ನಷ್ಟೇ ಎಣಿಸುವ ಪುಸ್ತಿಕೆಗೆ ಈ ಸಂಗತಿ ಎಂದೂ ಅರ್ಥವಾಗಲಾರದು.

ಹಾಗಾಗಿ ನಮ್ಮ ಮೊದಲ ಪರೀಕ್ಷೆ ಗೆಲುವಿನ ಲೆಕ್ಕದ್ದು. 1974ರಿಂದ ರೊಡೇಷಿಯದ ಸೇನೆ ‘ಫೈರ್‌ಫೋರ್ಸ್’ ಎಂಬ ವಿಧಾನವನ್ನು ಬಳಸಿತು. ಗೆರಿಲ್ಲಾಗಳು ಕಂಡರೆಂಬ ಸುದ್ದಿ ಬಂದೊಡನೆ ಅಲೂಯೆಟ್ ಹೆಲಿಕಾಪ್ಟರುಗಳು ಏಳುತ್ತಿದ್ದವು. ಒಂದರಲ್ಲಿ 20 ಮಿಲಿಮೀಟರಿನ ಫಿರಂಗಿ ಮತ್ತು ಮೇಲಿನಿಂದಲೇ ಆಜ್ಞೆ ಕೊಡುವ ಅಧಿಕಾರಿ. ಉಳಿದವುಗಳಲ್ಲಿ ನಾಲ್ಕು ನಾಲ್ಕು ಸೈನಿಕರ ತಂಡ. ಹಿಂದಿನಿಂದ ಡಕೋಟ ವಿಮಾನ ಬಂದು ಪ್ಯಾರಾಚೂಟ್ ಪಡೆಯನ್ನು ಇಳಿಸುತ್ತಿತ್ತು. ಕಾಳಗ ಕಾಳಗವಾಗಿ ನೋಡಿದರೆ ಹೆಚ್ಚಿನವುಗಳಲ್ಲಿ ಈ ಸೇನೆಯದೇ ಮೇಲುಗೈ. ಆದರೂ ಯುದ್ಧವನ್ನು ಅದು ಗೆಲ್ಲಲಿಲ್ಲ. 1975ರಲ್ಲಿ ಮೊಜಾಂಬಿಕ್ ಸ್ವತಂತ್ರವಾದೊಡನೆ ಪೂರ್ವದ ಗಡಿಯುದ್ದಕ್ಕೂ ಗೆರಿಲ್ಲಾಗಳಿಗೆ ದಾರಿ ತೆರೆಯಿತು. ಬಿಳಿಯ ಕುಟುಂಬಗಳು ದೇಶ ಬಿಟ್ಟು ಹೊರಟವು. 1976ರಲ್ಲಿ ಆಸರೆಯಾಗಿದ್ದ ದಕ್ಷಿಣ ಆಫ್ರಿಕವೇ ಒತ್ತಡ ಹೇರಿತು. 1979ರ ಡಿಸೆಂಬರ್ 21ರಂದು ಲಂಡನ್ನಿನ ಲ್ಯಾಂಕಾಸ್ಟರ್ ಹೌಸ್‌ನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಮರುವರ್ಷದ ಚುನಾವಣೆಯಲ್ಲಿ ಕರಿಯರಿಗೆ ಮೀಸಲಾದ 80 ಸ್ಥಾನಗಳಲ್ಲಿ 57 ಮುಗಾಬೆಯವರ ಪಕ್ಷಕ್ಕೂ 20 ಎನ್ಕೋಮೊ ಅವರ ಪಕ್ಷಕ್ಕೂ ಹೋದವು. 1980ರ ಏಪ್ರಿಲ್ 18ರಂದು ಜಿಂಬಾಬ್ವೆ ಹುಟ್ಟಿತು.

ಹಳ್ಳಿಗಳ ಕಲ್ಲುಚಪ್ಪಡಿಗಳ ಮೇಲೆ ಗೀಚಿ ಆಡುವ ಹುಲಿ-ಕುರಿ ಆಟವನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಹುಲಿಯ ಗೆಲುವು ಕುರಿಗಳನ್ನು ತಿನ್ನುವುದರಲ್ಲಿ. ಕುರಿಗಳ ಗೆಲುವು ಹುಲಿ ಅಲುಗಾಡದಂತೆ ದಿಗ್ಬಂಧಿಸುವುದರಲ್ಲಿ. ಎರಡು ಪಕ್ಷಗಳಿಗೂ ಒಂದೇ ಗುರಿ ಕೊಟ್ಟ ಪುಸ್ತಿಕೆಯನ್ನು ಅಂಗಡಿಯಲ್ಲಿಯೇ ಬಿಟ್ಟು ಬರುವುದು ಲೇಸು.

ಎರಡನೆಯ ಪರೀಕ್ಷೆ ಊರಿನವರದು. ಗೆರಿಲ್ಲಾಗಳು ರಾತ್ರಿ ಹಳ್ಳಿಗರನ್ನು ಕಲೆಹಾಕಿ ‘ಪುಂಗ್ವೆ’ ಎಂಬ ಸಭೆ ನಡೆಸುತ್ತಿದ್ದರು. ಅಲ್ಲಿ ಹಾಡು, ಭಾಷಣ, ಕೆಲವೊಮ್ಮೆ ದ್ರೋಹಿಯೆಂದು ಹೆಸರಿಸಿದವನಿಗೆ ಶಿಕ್ಷೆ. ‘ಮುಜಿಬಾ’ಗಳೆಂಬ ಹುಡುಗರು, ‘ಚಿಂಬ್ವಿಡೊ’ಗಳೆಂಬ ಹುಡುಗಿಯರು ಸುದ್ದಿ ಮತ್ತು ಊಟ ಮುಟ್ಟಿಸುತ್ತಿದ್ದರು. ಸರಕಾರ ಹಳ್ಳಿಗಳನ್ನೇ ಎಬ್ಬಿಸಿ, ಬೇಲಿ ಹಾಕಿದ ‘ಸಂರಕ್ಷಿತ ಗ್ರಾಮ’ಗಳಿಗೆ ಸಾಗಿಸಿತು, ಕರ್ಫ್ಯೂ ಹಾಕಿತು, ಇಡೀ ಊರಿಗೆ ದಂಡ ವಿಧಿಸಿತು. ಅನ್ನ ಕೊಟ್ಟರೆ ಒಬ್ಬರ ಕೋಪ, ಕೊಡದಿದ್ದರೆ ಇನ್ನೊಬ್ಬರ ಕೋಪ. ಈ ಯುದ್ಧದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರೆಂದು ಅಂದಾಜು. ಸತ್ತವರಲ್ಲಿ ಬಹುಪಾಲು ಕರಿಯರು. ಇಷ್ಟು ಜನರನ್ನು ಪೊದೆ, ಬಂಡೆಗಳ ಹಾಗೆ ‘ಅಡ್ಡಿ’ ಎಂದು ಬರೆದ ಪುಸ್ತಿಕೆ ಯುದ್ಧದ ಅರ್ಧವನ್ನೇ ನುಂಗಿದೆ.

ಮೂರನೆಯದು, ಪಕ್ಷಗಳ ಚಿತ್ರ. ಗೆರಿಲ್ಲಾಗಳೆಲ್ಲ ಒಂದೇ ಅಚ್ಚಿನವರಲ್ಲ. ಮುಗಾಬೆಯವರ ಪಕ್ಷದ ಜಾನ್ಲಾ ಪಡೆ ಚೀನದ ರೀತಿಯಲ್ಲಿ ಹಳ್ಳಿಗಳ ನಡುವೆ ಬೇರೂರಲು ಯತ್ನಿಸಿತು; ಎನ್ಕೋಮೊ ಅವರ ಜಿಪ್ರಾ ಜಾಂಬಿಯದಲ್ಲಿ ನೆಲೆನಿಂತು ಸೋವಿಯತ್ ನೆರವಿನಿಂದ ಕ್ರಮಬದ್ಧ ಸೇನೆಯನ್ನೂ ಕಟ್ಟಿತು. ಸರಕಾರದ ಸೇನೆಯೂ ಬರಿಯ ಬಿಳಿಯರದಲ್ಲ. ರೊಡೇಷಿಯನ್ ಆಫ್ರಿಕನ್ ರೈಫಲ್ಸ್‌ನ ಸೈನಿಕರು ಕರಿಯರು. ಒಂದು ಕಡೆಗೆ ಶೌರ್ಯವನ್ನೂ ಇನ್ನೊಂದು ಕಡೆಗೆ ಸಂಖ್ಯೆಯನ್ನೂ ಹಂಚಿಬಿಡುವ ಪುಸ್ತಿಕೆ ಹಳೆಯ ವಸಾಹತಿನ ಕನ್ನಡಕವನ್ನೇ ತೊಟ್ಟಿದೆ.

ನಾಲ್ಕನೆಯದು, ಒಂದು ಯುದ್ಧದ ಅಳತೆಯನ್ನು ಇನ್ನೊಂದಕ್ಕೆ ಹಚ್ಚದಿರುವುದು. ಅಂಗೋಲದ ಕುಯಿಟೊ ಕುವಾನವಾಲೆಯಲ್ಲಿ 1987-88ರಲ್ಲಿ ಟ್ಯಾಂಕು, ಭಾರಿ ಫಿರಂಗಿ, ಜೆಟ್ ವಿಮಾನಗಳು ಎದುರಾದವು. ಒಂದು ಕಡೆ ಅಂಗೋಲದ ಸೇನೆ ಮತ್ತು ಕ್ಯೂಬದವರು, ಇನ್ನೊಂದು ಕಡೆ ದಕ್ಷಿಣ ಆಫ್ರಿಕ ಮತ್ತು ಯುನಿಟಾ. ನಾಲ್ಕು ಜನರ ತಂಡದ ನಿಯಮ ಅಲ್ಲಿಗೆ ಸಲ್ಲದು. ಆ ಕದನದ ತರುವಾಯ 1988ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಒಪ್ಪಂದವಾಗಿ, 1990ರ ಮಾರ್ಚ್ 21ರಂದು ನಮೀಬಿಯ ಸ್ವತಂತ್ರವಾಯಿತು. ಆ ಹಸ್ತಾಂತರದ ಕಾಲದಲ್ಲಿ ವಿಶ್ವಸಂಸ್ಥೆಯ ಪಡೆಯ ಮುಖ್ಯಸ್ಥರಾಗಿದ್ದವರು ನಮ್ಮ ದೇಶದ ಲೆಫ್ಟಿನೆಂಟ್ ಜನರಲ್ ದೀವಾನ್ ಪ್ರೇಮ್ ಚಂದ್ ಎಂಬುದನ್ನು ಇಲ್ಲಿ ನೆನೆಯಬಹುದು.

ಯುದ್ಧವನ್ನು ಆಡುವುದೇ ತಪ್ಪೆಂದು ನಾವು ಹೇಳುತ್ತಿಲ್ಲ. ಸರಿಯಾಗಿ ಬರೆದ ಪುಸ್ತಿಕೆ ಇತಿಹಾಸದ ಒಳ್ಳೆಯ ಪಾಠವಾಗಬಲ್ಲದು. ಬಲಿಷ್ಠ ಸೇನೆಯ ಪಾತ್ರ ವಹಿಸಿ ಗೆಲ್ಲುತ್ತ ಗೆಲ್ಲುತ್ತ ಸೋತವನಿಗೆ ಆ ಸೋಲಿನ ಕಾರಣ ಮನದಟ್ಟಾಗುತ್ತದೆ. ಆದರೆ ಮೇಜಿನ ಆಟ ಸಂಜೆಗೆ ಮುಗಿಯುತ್ತದೆ. ಎಪ್ಪತ್ತರ ದಶಕದಲ್ಲಿ ಮೊಜಾಂಬಿಕ್ ಗಡಿಯಲ್ಲಿ ರೊಡೇಷಿಯದ ಸೇನೆ ಹೂತ ನೆಲಬಾಂಬುಗಳನ್ನು ನಾಲ್ಕು ದಶಕಗಳ ಮೇಲೂ ಜನ ಮಂಡಿಯೂರಿ ಒಂದೊಂದಾಗಿ ತೆಗೆಯುತ್ತಲೇ ಇದ್ದರು. ಯುದ್ಧ ಮುಗಿದಾಗ ಇನ್ನೂ ಹುಟ್ಟಿರದ ಮಕ್ಕಳೂ, ಅವರ ದನಕರುಗಳೂ ಅವಕ್ಕೆ ಸಿಕ್ಕಿದ್ದುಂಟು. ಪುಸ್ತಿಕೆ ಕೊಳ್ಳುವಾಗ ಬಂದೂಕುಗಳ ಪಟ್ಟಿಯನ್ನು ಆಮೇಲೆ ನೋಡಬಹುದು. ಮೊದಲು ಆ ನೆಲದ ಮೇಲೆ ಬದುಕಿದವರಿಗೆ ಅದರಲ್ಲಿ ಎಷ್ಟು ಪುಟ ಸಿಕ್ಕಿದೆಯೆಂದು ನೋಡಬೇಕು.